ಖಾರದ ಡಬ್ಬಿ

ಮಗಳು ಓದಲೆಂದು ಅಮೆರಿಕಕ್ಕೆ ಹೊರಟಾಗ ಅವಳ ಪೆಟ್ಟಿಗೆಗೆ ಚಟ್ನಿಪುಡಿ, ಸಾರಿನಪುಡಿ, ಅಪ್ಪೆಮಿಡಿ ಉಪ್ಪಿನಕಾಯಿಗಳ ಜೊತೆಗೆ ಇನ್ನೊಂದು ಪುಟ್ಟ ಡಬ್ಬಿಯನ್ನೂ ತುರುಕಿದ್ದೆ. ಅದು ಪೆಪ್ಪರ್ ಸ್ಪ್ರೇ. ಬೆಂಗಳೂರಿನಲ್ಲಿ ಅವಳಿಗೆ ಕೆಲಸ ಸಿಕ್ಕಿ, ರಾತ್ರಿ ಪಾಳಿಯೂ ಇರುತ್ತದೆ ಎಂದು ಗೊತ್ತಾದಾಗ ನಾನೇ ಕೊಡಿಸಿದ್ದು. ಅಂಗಡಿಯವನು ಏನೂ ಕೇಳಿರಲಿಲ್ಲ. ಕುಂಕುಮದ ಭರಣಿ ಕೊಂಡ ಹಾಗೆ ಕೊಂಡು ತಂದಿದ್ದೆ. ಮಗಳು ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು, "ವಿಮಾನದಲ್ಲಿ ಬಿಡೋದಿಲ್ಲ ಅಮ್ಮಾ, ಅಲ್ಲೇ ಒಂದು ತಗೋತೀನಿ" ಅಂದಳು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಫೋನಿನಲ್ಲಿ ನೆನಪಿಟ್ಟು ಕೇಳಿದೆ. "ಇಲ್ಲ ಅಮ್ಮಾ, ಈ ರಾಜ್ಯದಲ್ಲಿ ನಾನು ಅದನ್ನು ಇಟ್ಟುಕೊಳ್ಳೋ ಹಾಗಿಲ್ಲ" ಎಂದಳು. ಅವಳು ಓದಲು ಸೇರಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ. (ಕಾಗುಣಿತ ನೋಡಿದರೆ ವೋರ್ಸೆಸ್ಟರ್, ಬಾಯಲ್ಲಿ ಹೇಳುವಾಗ ವೂಸ್ಟರ್. ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ಇದನ್ನು ಬಹಳ ದಿನ ನಂಬಲಿಲ್ಲ.) ಅವಳ ಕೋಣೆಯ ಗೆಳತಿ, ಆ ದೇಶದವಳೇ, ಬೀಗದ ಕೈ ಗೊಂಚಲಿನಲ್ಲಿ ಅಂಥ ಡಬ್ಬಿ ಸಿಕ್ಕಿಸಿಕೊಂಡು ಓಡಾಡುತ್ತಾಳಂತೆ. ತಾನೂ ಒಂದು ಕೊಳ್ಳೋಣವೆಂದು ಕಾನೂನು ಓದಿದರೆ, ಯಾರು ಯಾರು ಇಟ್ಟುಕೊಳ್ಳಬಾರದು ಎಂಬುದಕ್ಕೆ ಒಂದು ಪಟ್ಟಿಯೇ ಇದೆ. ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು, ವಾರಂಟು ಹೊರಟವರು, 15 ತುಂಬದ ಮಕ್ಕಳು, ಕಾಯಂ ವಾಸದ ಪರವಾನಗಿ ಇಲ್ಲದ ಹೊರದೇಶದವರು, ಮತ್ತೆ ಮನೋರೋಗಕ್ಕಾಗಿ ಆದೇಶದ ಮೇಲೆ ಆಸ್ಪತ್ರೆಗೆ ಸೇರಿಸಲ್ಪಟ್ಟವರು.

"ನಾನೂ ಹುಚ್ಚಾಸ್ಪತ್ರೆಗೆ ಹೋಗಿಬಂದವರೂ ಒಂದೇ ಪಟ್ಟಿಯಲ್ಲಿ ಇದ್ದೀವಿ ನೋಡು" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರೂ ಸುಮ್ಮನಾದೆವು. ಹಾಗೆ ಸುಮ್ಮನಾಗುವುದಕ್ಕೆ ನಮ್ಮ ಮನೆಯಲ್ಲಿ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಸುಮಾರು 30 ವರ್ಷ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಹೇಳಿಕೊಟ್ಟವಳಿಗೆ ಏನನ್ನು ಕಂಡರೂ ಇದು ಎಲ್ಲಿ ಹುಟ್ಟಿತು, ಯಾವ ಇಸವಿ ಎಂದು ಹುಡುಕುವ ಚಟ. ಈ ಡಬ್ಬಿಯ ಬೆನ್ನು ಹತ್ತಿ ಹೋದೆ. ಮೊದಲು ಹೆಸರಿನ ಗೊಂದಲ. ಪೆಪ್ಪರ್ ಎಂದರೆ ನಮ್ಮ ಮನೆ ಹಿಂದಿನ ಬಳ್ಳಿಯ ಕಾಳುಮೆಣಸು ಎಂದುಕೊಂಡಿದ್ದೆ. ಅಲ್ಲ, ಅದು ಮೆಣಸಿನಕಾಯಿಯ ಸತ್ವ. ಕಣ್ಣುರಿಸುವ ಅಂಶಕ್ಕೆ ಕ್ಯಾಪ್ಸೇಸಿನ್ ಎನ್ನುತ್ತಾರೆ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಗುಂಟೂರು ಕಾಯಿ ಖಾರಕ್ಕೆ ಎಂದು ಗೊತ್ತಿರುವ ನಮ್ಮ ಹೆಂಗಸರಿಗೆ ಈ ಆಯುಧದ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಮುಂಚೆ ಬಂದದ್ದು ಮೇಸ್ ಎಂಬ ಇನ್ನೊಂದು ಡಬ್ಬಿ. ಅದರ ಹುಟ್ಟಿನಲ್ಲಿ ಒಬ್ಬ ಶಾಲಾ ಶಿಕ್ಷಕಿ ಇದ್ದಾಳೆ. 1960ರ ದಶಕದ ನಡುವೆ ಪಿಟ್ಸ್‌ಬರ್ಗ್ ನಗರದಲ್ಲಿ ಡೋರಿಸ್ ಲಿಟ್‌ಮನ್ ಎಂಬಾಕೆಯ ಸಹೋದ್ಯೋಗಿಯಾಗಿದ್ದ ತರುಣ ಶಿಕ್ಷಕಿಯೊಬ್ಬಳನ್ನು ಬೀದಿಯಲ್ಲಿ ದೋಚಿದರು. ಹೆಂಗಸರು ಕೈಚೀಲದಲ್ಲಿ ಇಟ್ಟುಕೊಳ್ಳುವಂಥದ್ದು ಏನಾದರೂ ಬೇಕಲ್ಲ ಎಂದು ಡೋರಿಸ್ ಮತ್ತು ಅವಳ ಗಂಡ ಅಲನ್ ಮನೆಯಲ್ಲೇ ಪ್ರಯೋಗ ಮಾಡಿ, ಅಶ್ರುವಾಯುವಿನ ರಾಸಾಯನಿಕವನ್ನು ಒತ್ತಿದರೆ ಚಿಮ್ಮುವ ಡಬ್ಬಿಗೆ ತುಂಬಿದರು. ಕೆಲವೇ ವರ್ಷಗಳಲ್ಲಿ ಅದು ಪೊಲೀಸರ ಸೊಂಟಕ್ಕೆ ಹೋಗಿ, ಮೆರವಣಿಗೆಯ ಜನರ ಮೇಲೆ ಚಿಮ್ಮಿತು. ಆ ಶಿಕ್ಷಕಿ ಕೊನೆಗೆ ಒಂದು ಡಬ್ಬಿ ಕೊಂಡಳೋ ಇಲ್ಲವೋ ಎಂಬುದನ್ನು ಯಾರೂ ಬರೆದಿಟ್ಟಂತೆ ಕಾಣೆ.

ಇನ್ನು ಕಾನೂನು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಕೊಲೆಗಳಾದ ವರ್ಷವೇ ಅಮೆರಿಕದ ಕೇಂದ್ರ ಸರ್ಕಾರ ಬಂದೂಕು ನಿಯಂತ್ರಣ ಕಾಯ್ದೆ ತಂದಿತು. ಯಾರಿಗೆ ಬಂದೂಕು ಮಾರಬಾರದು ಎಂಬ ಅದರ ಪಟ್ಟಿಯಲ್ಲಿ ಮನೋರೋಗದ ಆಸ್ಪತ್ರೆಗೆ ಆದೇಶದ ಮೇಲೆ ಸೇರಿಸಲ್ಪಟ್ಟವರೂ ಇದ್ದರು. ಬಂದೂಕಿನ ಮಾತಾದರೆ ಒಪ್ಪಬಹುದೇನೋ. ಆದರೆ ಮ್ಯಾಸಚೂಸೆಟ್ಸಿನ ಕಾನೂನು ಖಾರದ ಡಬ್ಬಿಯನ್ನೂ ಮದ್ದುಗುಂಡಿನ ಸಾಲಿಗೇ ಸೇರಿಸಿಬಿಟ್ಟಿತ್ತು. ಅದನ್ನು ಕೈಚೀಲದಲ್ಲಿಟ್ಟುಕೊಳ್ಳಬೇಕಾದರೆ ಹೆಂಗಸು ಪೊಲೀಸ್ ಠಾಣೆಗೆ ಹೋಗಿ, ಅರ್ಜಿ ಹಾಕಿ, ಬಂದೂಕಿನವರು ಪಡೆಯುವ ಗುರುತಿನ ಚೀಟಿಯನ್ನೇ ಪಡೆಯಬೇಕಿತ್ತು. 2014ರ ಆಗಸ್ಟ್‌ನಲ್ಲಿ ಗವರ್ನರ್ ಡೆವಾಲ್ ಪ್ಯಾಟ್ರಿಕ್ ಸಹಿ ಹಾಕಿದ ಹೊಸ ಕಾಯ್ದೆ 18 ತುಂಬಿದವರಿಗೆ ಈ ಚೀಟಿಯ ಗೊಡವೆ ತಪ್ಪಿಸಿತು. ಹೆಂಗಸರಿಗೆ ಅನುಕೂಲವಾಯಿತು. ಆದರೆ ಪಟ್ಟಿ ಉಳಿಯಿತು. ಆಸ್ಪತ್ರೆಯ ಗುರುತು ಹೊತ್ತವಳು ಡಬ್ಬಿ ಇಟ್ಟುಕೊಳ್ಳಬೇಕಾದರೆ 5 ವರ್ಷ ಕಾಯಬೇಕು. ಆಮೇಲೆ ಅವಳ ಕಾಯಿಲೆ ಬಲ್ಲ ವೈದ್ಯರೋ ಮನಶ್ಶಾಸ್ತ್ರಜ್ಞರೋ, ಇಂಥ ಡಬ್ಬಿ ಇಟ್ಟುಕೊಳ್ಳಲು ಅಡ್ಡಿಯಾಗುವ ಕಾಯಿಲೆ ಈಗ ಇವಳಿಗಿಲ್ಲ ಎಂದು ಪ್ರಮಾಣಪತ್ರ ಬರೆದುಕೊಡಬೇಕು.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಒಬ್ಬಂಟಿ ಹೆಂಗಸು, ಕಾಯಿಲೆ ಬಿದ್ದು ಎದ್ದವಳು, ಅಗ್ಗದ ಬಾಡಿಗೆಯ ಕತ್ತಲು ಓಣಿಯಲ್ಲಿ ಇರಬೇಕಾದವಳು. ಅವಳಿಗಿಂತ ಹೆಚ್ಚಾಗಿ ಆ ಡಬ್ಬಿ ಬೇಕಾದವರು ಇನ್ಯಾರು?

ವಿಚಿತ್ರವೆಂದರೆ, ಆಸ್ಪತ್ರೆ ಸೇರಿಬಂದ ಹೆಂಗಸಿನ ಮೇಲೆ ಬೀಳುವ ಗುರುತಿನ ಕತೆ ಮಗಳಿದ್ದ ವೂಸ್ಟರ್ ಊರಿನಲ್ಲೇ ಒಂದು ತುದಿ ಮುಟ್ಟುತ್ತದೆ. ಆ ರಾಜ್ಯದ ಮೊದಲ ಸರ್ಕಾರಿ ಮನೋರೋಗಾಸ್ಪತ್ರೆ 1833ರಲ್ಲಿ ತೆರೆದದ್ದು ಅಲ್ಲಿ. ಅದಕ್ಕೆ ಮುಂದೆ ನಿಂತು ದುಡಿದವರು, ಆಮೇಲೆ ಸಾರ್ವಜನಿಕ ಶಾಲೆಗಳಿಗಾಗಿ ಹೆಸರಾದ ಹೋರೇಸ್ ಮ್ಯಾನ್. ಬಿಎಡ್ ಓದುವಾಗ ಅವರ ಹೆಸರು ಬರೆದು ಅಂಕ ಪಡೆದಿದ್ದೆ. ಆಸ್ಪತ್ರೆಯ ವಿಷಯ ಆಗ ಯಾರೂ ಹೇಳಿರಲಿಲ್ಲ. ಅದು ಕೆಡುಕಿಗಾಗಿ ಕಟ್ಟಿದ ಮನೆಯಲ್ಲ. ಡೊರೊಥಿಯಾ ಡಿಕ್ಸ್ ಎಂಬ ಶಾಲಾ ಶಿಕ್ಷಕಿ 1841ರಲ್ಲಿ ಈಸ್ಟ್ ಕೇಂಬ್ರಿಜ್ ಜೈಲಿನ ಹೆಂಗಸರಿಗೆ ಭಾನುವಾರದ ಪಾಠ ಹೇಳಲು ಹೋದಾಗ, ಯಾವ ತಪ್ಪನ್ನೂ ಮಾಡದ ಮನೋರೋಗಿಗಳನ್ನು ಚಳಿಗಾಲದಲ್ಲಿ ಬೆಂಕಿಯೂ ಇಲ್ಲದ ಕೋಣೆಗಳಲ್ಲಿ ಕೂಡಿಹಾಕಿದ್ದನ್ನು ಕಂಡಳು. ಊರೂರು ತಿರುಗಿ, ಇಂಥವರನ್ನು ಎಲ್ಲೆಲ್ಲಿ ಹೇಗೆ ಇಟ್ಟಿದ್ದಾರೆ ಎಂದು ಬರೆದುಕೊಂಡು 1843ರಲ್ಲಿ ಶಾಸನಸಭೆಗೆ ಒಪ್ಪಿಸಿದಳು. ಅದರ ಫಲವಾಗಿಯೇ ವೂಸ್ಟರ್ ಆಸ್ಪತ್ರೆ ದೊಡ್ಡದಾಯಿತು.

ಆದರೆ ಆಸ್ಪತ್ರೆಯಿಂದ ಹೊರಗೆ ಬಂದವರ ಕತೆ? ಅದಕ್ಕೆ ಎಲಿಜಬೆತ್ ಪ್ಯಾಕರ್ಡ್‌ಳನ್ನು ನೋಡಬೇಕು. 1816ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿದವಳು, ಪಾದ್ರಿಯ ಮಗಳು, ಇವಳೂ ಶಿಕ್ಷಕಿ. 19ನೇ ವಯಸ್ಸಿನಲ್ಲಿ ಜ್ವರ ಬಂದು ಬಡಬಡಿಸತೊಡಗಿದಳು. 1836ರಲ್ಲಿ ತಂದೆ ಅವಳನ್ನು ವೂಸ್ಟರ್ ಆಸ್ಪತ್ರೆಗೆ ಸೇರಿಸಿದ. ಕೆಲವು ವಾರಗಳಲ್ಲಿ ಗುಣವಾಗಿ ಬಂದಳು. 1839ರಲ್ಲಿ ಥಿಯೊಫಿಲಸ್ ಪ್ಯಾಕರ್ಡ್ ಎಂಬ ಪಾದ್ರಿಯೊಡನೆ ಮದುವೆಯಾಯಿತು. 6 ಮಕ್ಕಳಾದವು. ಇಲಿನಾಯ್ ರಾಜ್ಯಕ್ಕೆ ಹೋಗಿ ನೆಲೆಸಿದರು. ಮನುಷ್ಯ ಹುಟ್ಟುತ್ತಲೇ ಪಾಪಿ ಎಂಬ ಗಂಡನ ಬೋಧನೆಯನ್ನು ಅವಳು ಒಪ್ಪಲಿಲ್ಲ. ಒಪ್ಪದ್ದನ್ನು ಚರ್ಚಿನ ಬೈಬಲ್ ತರಗತಿಯಲ್ಲಿ ಬಾಯಿಬಿಟ್ಟು ಹೇಳಿದಳು. ಇಲಿನಾಯ್‌ನಲ್ಲಿ 1851ರ ಒಂದು ಕಾನೂನಿತ್ತು. ಬೇರೆಯವರನ್ನು ಆಸ್ಪತ್ರೆಗೆ ಸೇರಿಸಲು ಬೇಕಾದ ಸಾಕ್ಷ್ಯವೆಲ್ಲ ಹೆಂಡತಿಯ ವಿಷಯದಲ್ಲಿ ಬೇಕಿಲ್ಲ, ಗಂಡ ಕೇಳಿದರೆ ಮತ್ತು ಆಸ್ಪತ್ರೆಯ ಮುಖ್ಯಸ್ಥ ಹೂಂ ಎಂದರೆ ಸಾಕು. 1860ರ ಜೂನ್‌ನಲ್ಲಿ ಅವಳನ್ನು ಜಾಕ್ಸನ್‌ವಿಲ್ ಆಸ್ಪತ್ರೆಗೆ ಸಾಗಿಸಿದರು. 3 ವರ್ಷ ಒಳಗಿದ್ದಳು. ಬಿಟ್ಟು ಕಳಿಸುವಾಗ ಗುಣವಾಗದ ಕಾಯಿಲೆ ಎಂದೇ ಬರೆದರು.

ಮನೆಗೆ ಬಂದವಳನ್ನು ಗಂಡ ಒಂದು ಕೋಣೆಯಲ್ಲಿ ಕೂಡಿ, ಕಿಟಕಿಗೆ ಮೊಳೆ ಹೊಡೆಸಿದ. ಅವಳು ಹೇಗೋ ಒಂದು ಚೀಟಿಯನ್ನು ಹೊರಗೆ ದಾಟಿಸಿದಳು. ಅದು ಗೆಳತಿಯ ಕೈ ಸೇರಿ, ನ್ಯಾಯಾಧೀಶರ ತನಕ ಹೋಗಿ, 1864ರ ಜನವರಿಯಲ್ಲಿ ಕ್ಯಾಂಕಕೀ ಊರಿನಲ್ಲಿ ವಿಚಾರಣೆ ನಡೆಯಿತು. ಗಂಡನ ಕಡೆಯವರಿಗೆ ಸಿಕ್ಕ ಒಂದು ಅಸ್ತ್ರವೆಂದರೆ 28 ವರ್ಷ ಹಿಂದಿನ ವೂಸ್ಟರ್. ಹುಡುಗಿಯಾಗಿದ್ದಾಗಲೇ ಹುಚ್ಚಾಸ್ಪತ್ರೆ ಕಂಡವಳಲ್ಲವೆ! ಜ್ವರ ಬಿಟ್ಟು, ಮದುವೆಯಾಗಿ, 6 ಮಕ್ಕಳನ್ನು ಹೆತ್ತು ಸಾಕಿದ್ದು ಲೆಕ್ಕಕ್ಕಿಲ್ಲ, ಆ ಕೆಲವು ವಾರಗಳೇ ಲೆಕ್ಕ. ಪುಣ್ಯಕ್ಕೆ ಜ್ಯೂರಿಯವರು, ಗಂಡಸರೇ ಎಲ್ಲ, 7 ನಿಮಿಷದಲ್ಲಿ ಇವಳ ಬುದ್ಧಿ ಸರಿಯಾಗಿದೆ ಎಂದರು. ಗೆದ್ದು ಮನೆಗೆ ಬಂದರೆ ಮನೆಯಲ್ಲಿ ಬೇರೆಯವರು! ಗಂಡ ಮಕ್ಕಳನ್ನೂ ಅವಳ ಬಟ್ಟೆಬರೆಯನ್ನೂ ತೆಗೆದುಕೊಂಡು ಮ್ಯಾಸಚೂಸೆಟ್ಸಿಗೆ ಹೊರಟುಹೋಗಿದ್ದ. ಹೆಂಡತಿಗೆ ಆಸ್ತಿಯ ಮೇಲಾಗಲಿ ಮಕ್ಕಳ ಮೇಲಾಗಲಿ ಹಕ್ಕಿಲ್ಲದ ಕಾಲ ಅದು.

ಅವಳು ಅಳುತ್ತ ಕೂರಲಿಲ್ಲ. ತನ್ನ ಕತೆಯನ್ನು ಪುಸ್ತಕ ಮಾಡಿ, ಮುಂಗಡ ಚೀಟಿ ಮಾರಿ ದುಡ್ಡು ಕೂಡಿಸಿ ಅಚ್ಚು ಹಾಕಿಸಿದಳು. ಮ್ಯಾಸಚೂಸೆಟ್ಸಿನ ಶಾಸನಸಭೆಗೂ ಅರ್ಜಿ ಹಾಕಿದಳು. 1867ರಲ್ಲಿ ಇಲಿನಾಯ್, ಜ್ಯೂರಿಯ ವಿಚಾರಣೆ ಇಲ್ಲದೆ ಯಾರನ್ನೂ ಆಸ್ಪತ್ರೆಗೆ ಸೇರಿಸಬಾರದೆಂಬ ಕಾನೂನು ಮಾಡಿತು. 1869ರಲ್ಲಿ ಚಿಕ್ಕ ಮಕ್ಕಳು ಅವಳ ಕೈಗೆ ಬಂದವು. ಕಾಯಿಲೆಯವರನ್ನು ಕಳ್ಳರ ಹಾಗೆ ಕೋರ್ಟಿನಲ್ಲಿ ನಿಲ್ಲಿಸುತ್ತಾರೆ ಎಂದು ವೈದ್ಯರು ಈ ಕಾನೂನನ್ನು ದೂರಿದರು. ಆ ದೂರಿನಲ್ಲೂ ಹುರುಳಿತ್ತು ಎಂದು ನನಗೆ ತೋರುತ್ತದೆ. ನಿಜವಾಗಿ ನರಳುತ್ತಿರುವವಳಿಗೆ ಬೇಕಾದದ್ದು ಮದ್ದು, ವಕೀಲರಲ್ಲ. ಆದರೆ ಪ್ಯಾಕರ್ಡ್‌ಳ ಸ್ಥಿತಿಯಲ್ಲಿದ್ದ ಹೆಂಗಸಿಗೆ ವಕೀಲರಲ್ಲದೆ ಯಾರು ಗತಿ?

ಇಷ್ಟನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದವಳು ನಮ್ಮ ಸೋದರತ್ತೆ. ಅವಳನ್ನು ಇಲ್ಲಿ ಅತ್ತೆ ಎಂದಷ್ಟೇ ಕರೆಯುತ್ತೇನೆ.

ಅಪ್ಪಯ್ಯನ ಕೊನೆಯ ತಂಗಿ. ಎರಡನೆಯ ಕೂಸು ಹುಟ್ಟಿದ ವಾರಕ್ಕೇ ತೀರಿಹೋದ ಮೇಲೆ ಅವಳು ಮಾತು ಬಿಟ್ಟಳು. ರಾತ್ರಿ ಎದ್ದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದಳಂತೆ. 1978ರಲ್ಲಿ ಗಂಡನ ಮನೆಯವರು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಆಗ ಜಾರಿಯಲ್ಲಿದ್ದದ್ದು 1912ರ ಲೂನಸಿ ಆಕ್ಟ್, ಬ್ರಿಟಿಷರ ಕಾಲದ್ದು. ಗಂಡನೋ ಬಂಧುವೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು, ಇಬ್ಬರು ವೈದ್ಯರ ಸರ್ಟಿಫಿಕೇಟು ಲಗತ್ತಿಸಿದರೆ ಆದೇಶ ಸಿಗುತ್ತಿತ್ತು. ಆಸ್ಪತ್ರೆಯಲ್ಲಿ ಅವಳಿಗೆ ಗುಣವೇ ಆಯಿತು. ಅಲ್ಲಿನವರನ್ನು ಅವಳು ಕೊನೆಯವರೆಗೂ ಒಳ್ಳೆಯ ಮಾತಿನಲ್ಲೇ ನೆನೆದಳು. 4 ತಿಂಗಳ ಮೇಲೆ ಮರಳಿದವಳನ್ನು ಗಂಡನ ಮನೆಗೆ ಕರೆದುಕೊಳ್ಳಲಿಲ್ಲ. ನಮ್ಮ ಮನೆಯ ಜಗಲಿಗೆ ಟ್ರಂಕಿನ ಸಮೇತ ತಂದು ಬಿಟ್ಟರು.

ನನಗಾಗ 10 ವರ್ಷ. ಅವಳು ಬರುವ ಹಿಂದಿನ ದಿನ ಅಜ್ಜಿ ಮೆಟ್ಟುಗತ್ತಿಯನ್ನು (ಘಟ್ಟದ ಕೆಳಗೂ ಬಯಲುಸೀಮೆಯಲ್ಲೂ ಇದಕ್ಕೆ ಬೇರೆ ಹೆಸರುಗಳಿವೆ, ಈಳಿಗೆಮಣೆ ಎಂದರೆ ಎಲ್ಲರಿಗೂ ತಿಳಿದೀತು) ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದು ನನಗೆ ನೆನಪಿದೆ. ಸೀಮೆಎಣ್ಣೆ ಡಬ್ಬ, ಬೆಂಕಿಪೊಟ್ಟಣ, ಹಗ್ಗದ ಸಿಂಬಿ ಎಲ್ಲ ಒಳಗೆ ಹೋದವು. ಅತ್ತೆಗೆ ಅಕ್ಕಿ ಆರಿಸುವ, ಹೂ ಕಟ್ಟುವ, ಬತ್ತಿ ಹೊಸೆಯುವ ಕೆಲಸ. ಹೆಚ್ಚುವ ಕೆಲಸ ಮಾತ್ರ ಕೊಡುತ್ತಿರಲಿಲ್ಲ. ಅವಳು ಕೇಳಲೂ ಇಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ. ಮನೆಯವರೆಲ್ಲ ತೋಟದಲ್ಲಿ ಅಡಿಕೆ ಕೊಯ್ಲಿನಲ್ಲಿದ್ದರು. ನೆಂಟರೊಬ್ಬರು ಬಂದಿದ್ದರು, ಆಗಾಗ ಬರುವವರೇ. ನಾನು ಶಾಲೆಯಿಂದ ಬಂದಾಗ ಅವರು ಬಚ್ಚಲಲ್ಲಿ ಕಣ್ಣಿಗೆ ನೀರು ಎರಚಿಕೊಳ್ಳುತ್ತ ಕೂಗಾಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಖಾರದಪುಡಿ ಚೆಲ್ಲಿತ್ತು. ಅತ್ತೆ ಗೋಡೆಗೆ ಒರಗಿ ನಿಂತಿದ್ದಳು. ಕೈಯೆಲ್ಲ ಕೆಂಪು. ಅವಳ ಸೆರಗು ಹರಿದಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಸಂಜೆ ಜಗಲಿಯಲ್ಲಿ ದೊಡ್ಡವರ ಸಭೆ ಸೇರಿತು. "ಮತ್ತೆ ತಿರುಗಿಕೊಂಡಿದೆ" ಎಂದರು. ಆ ನೆಂಟರನ್ನು ಯಾರೂ ಏನೂ ಕೇಳಲಿಲ್ಲ. ಅತ್ತೆಯನ್ನೂ ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳು, ಹೇಳಿದರೆ ಏನಾದರೂ ಮಾಡಬೇಕಾಗುತ್ತಿತ್ತು. ಮಾರನೆಯ ದಿನದಿಂದ ಖಾರದ ಡಬ್ಬಿಯೂ ಉಗ್ರಾಣ ಸೇರಿತು. ನಾನು ಬಾಯಿ ಬಿಡಲಿಲ್ಲ. 12 ವರ್ಷದ ಹುಡುಗಿಯ ಮಾತನ್ನು ಯಾರು ಕೇಳುತ್ತಿದ್ದರು ಎಂದು ಈಗ ಸಮಾಧಾನ ಮಾಡಿಕೊಳ್ಳಬಹುದು. ಆದರೆ ನನಗೆ 20 ಆದಾಗಲೂ, 30 ಆದಾಗಲೂ ಹೇಳಲಿಲ್ಲವಲ್ಲ. ಅತ್ತೆ ತೀರಿಕೊಂಡದ್ದು 2009ರಲ್ಲಿ. 31 ವರ್ಷ ಆ ಮನೆಯಲ್ಲಿ ಅವಳು ಒಂದು ಸೌತೆಕಾಯಿ ಹೆಚ್ಚಲಿಲ್ಲ.

ಹಾಗಾಗಿ ಮ್ಯಾಸಚೂಸೆಟ್ಸಿನ ಕಾನೂನನ್ನು ಎರಡನೆಯ ಸಲ ಓದಿದಾಗ ಸಿಟ್ಟಿನ ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಅದರಲ್ಲಿ 5 ವರ್ಷ ಎಂಬ ಒಂದು ಸಂಖ್ಯೆಯಾದರೂ ಇತ್ತು. ಯಾರ ಹತ್ತಿರ ಹೋಗಿ ಏನು ಬರೆಸಿಕೊಂಡು ಬಂದರೆ ಬಾಗಿಲು ತೆರೆಯುತ್ತದೆ ಎಂದು ಬರೆದಿತ್ತು. ನಮ್ಮ ಉಗ್ರಾಣದ ಬೀಗಕ್ಕೆ ಅಂಥ ಗಡುವು ಯಾವುದೂ ಇರಲಿಲ್ಲ.

ಮೇಲೆ ಮುಂದೆ ಹೇಳುತ್ತೇನೆ ಎಂದಿದ್ದನ್ನು ಈಗ ಹೇಳಬೇಕು. ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಅಮ್ಮಾ, ಟೈಫಾಯಿಡ್ ಅಂತ ಮಾತ್ರ ಮತ್ತೆ ಬರೀಬೇಡ" ಎಂದಳು. 2017ರಲ್ಲಿ, ಡಿಗ್ರಿಯ ಕೊನೆಯ ವರ್ಷದಲ್ಲಿ, ಅವಳಿಗೆ ನಿದ್ದೆ ಹೋಯಿತು, ಊಟ ಹೋಯಿತು, ಹಾಸ್ಟೆಲಿನ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಮನೋವೈದ್ಯರ ವಾರ್ಡಿನಲ್ಲಿ 11 ದಿನ ಇದ್ದಳು. ಬಂಧುಗಳಿಗೆಲ್ಲ ನಾನು ಟೈಫಾಯಿಡ್ ಎಂದೆ. ಮನೆಗೆ ಕಳಿಸುವಾಗ ಡಾಕ್ಟರು, ಮಾತ್ರೆಗಳನ್ನು 3 ತಿಂಗಳು ನೀವೇ ಇಟ್ಟುಕೊಂಡು ಕೊಡಿ ಎಂದರು. ಅದು ಸರಿಯಾದ ಮಾತೇ. ಅಂಥ ಹೊತ್ತಿನಲ್ಲಿ ಮನೆಯವರು ಕಣ್ಣಿಟ್ಟಿರಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾನು ಮಾತ್ರೆಯೊಂದನ್ನೇ ಎತ್ತಿಡಲಿಲ್ಲ. ಚಾಕು, ಫಿನಾಯಿಲ್ ಶೀಶೆ, ಕತ್ತರಿ. ಕೊನೆಗೆ ಮೆಟ್ಟುಗತ್ತಿಯನ್ನೂ ಅಟ್ಟಕ್ಕೆ ಹಾಕಿದೆ. ಏಣಿ ಹತ್ತುವಾಗ ಅಜ್ಜಿಯ ಬೀಗದ ಸದ್ದು ಕಿವಿಯಲ್ಲಿ ಕೇಳಿಸಿತು, ಆದರೂ ಹತ್ತಿದೆ.

3 ತಿಂಗಳಾದ ಮೇಲೆ ಇಳಿಸಿದೆನೇ? ಇಲ್ಲ. ಎರಡು ವರ್ಷ ಅದು ಅಟ್ಟದಲ್ಲೇ ಇತ್ತು. ಒಂದು ಬೇಸಿಗೆಯಲ್ಲಿ ನಾನು ಶಾಲೆಯಿಂದ ಬರುವಷ್ಟರಲ್ಲಿ ಮಗಳೇ ಅದನ್ನು ಇಳಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನಕಾಯಿ ಹೆಚ್ಚುತ್ತ ಕೂತಿದ್ದಳು. ತಲೆ ಎತ್ತದೆ, "ತುಕ್ಕು ಹಿಡಿದಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದೆ" ಎಂದಳು. ಆಮೇಲೆ ಬೆಂಗಳೂರಿನಲ್ಲಿ ಆ ಸ್ಪ್ರೇ ಡಬ್ಬಿ ಕೊಡಿಸುವಾಗ ಕೂಡ, ದುಡ್ಡು ಕೊಟ್ಟು, ಅವಳ ಕೈಗೆ ದಾಟಿಸುವ ಮುಂಚೆ ನಾನು ಒಂದು ಕ್ಷಣ ತಡೆದೆ. ಅವಳಿಗೆ ಅದು ತಿಳಿಯಿತು.

ನಮ್ಮ ದೇಶದ ಕಾನೂನು ಈಚೆಗೆ ಒಂದು ದೊಡ್ಡ ಹೆಜ್ಜೆ ಇಟ್ಟಿದೆ. 1912ರ ಕಾಯ್ದೆ ಹೋಗಿ 1987ರ ಕಾಯ್ದೆ ಬಂತು, ಅದೂ ಹೋಗಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. ಹಿಂದೆ ಆಸ್ಪತ್ರೆಯಲ್ಲಿದ್ದರು, ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣದಿಂದ ಈಗಲೂ ಕಾಯಿಲೆಯಿದೆ ಎಂದು ತೀರ್ಮಾನಿಸಬಾರದು, ಕಾಯಿಲೆಯಿದೆ ಎಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಎನ್ನಬಾರದು, ಹಾಗೆನ್ನಲು ನ್ಯಾಯಾಲಯವೇ ಬೇಕು ಎಂಬ ಅರ್ಥದ ಮಾತುಗಳು ಅದರ ಮೂರನೆಯ ಕಲಮಿನಲ್ಲಿವೆ. ಪ್ಯಾಕರ್ಡ್‌ಳಿಗೆ ಕ್ಯಾಂಕಕೀಯ ಕೋರ್ಟಿನಲ್ಲಿ ಬೇಕಾಗಿದ್ದದ್ದು ಇದೇ ಮಾತು. ಬಂದೂಕಿನ ಪರವಾನಗಿಗೆ ಮಾತ್ರ 1959ರ ಆಯುಧ ಕಾಯ್ದೆಯಲ್ಲಿ ಬುದ್ಧಿಸ್ವಾಧೀನದ ಪ್ರಶ್ನೆ ಬರುತ್ತದೆ. ಖಾರದ ಡಬ್ಬಿಗೆ ಅಂಥ ಪರವಾನಗಿ ನಮ್ಮಲ್ಲಿಲ್ಲ. ಹಾಗೆಂದು ಅದು ಆಟದ ಸಾಮಾನೂ ಅಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ಜಗಳದ ಪ್ರಕರಣದಲ್ಲಿ, ಅಮೆರಿಕದ ನ್ಯಾಯಾಲಯವೊಂದರ ತೀರ್ಪನ್ನು ಎತ್ತಿಕೊಂಡು, ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧ ಎಂದು ಕರೆಯಿತು.

ಮಗಳು ಆ ಪಟ್ಟಿಯಲ್ಲಿದ್ದದ್ದು ಹೊರದೇಶದವಳು ಎಂಬ ಕಾರಣಕ್ಕೆ. ಇಲ್ಲಿನ ಆಸ್ಪತ್ರೆಗೆ ಅವಳು ತಾನೇ ಸಹಿ ಹಾಕಿ ಸೇರಿದ್ದಳು, ಕಾನೂನು ಹೇಳಿದ್ದು ಆದೇಶದ ಮೇಲೆ ಸೇರಿಸಲ್ಪಟ್ಟವರ ಮಾತು. "ಆ ಸಾಲು ನನಗಲ್ಲ ಅಮ್ಮಾ" ಎಂದು ಅವಳು ನನಗೆ ಎರಡು ಸಲ ಬಿಡಿಸಿ ಹೇಳಿದಳು. ನಾನು ಕೇಳಿರಲಿಲ್ಲ.

2023ರ ಬೇಸಿಗೆ ರಜೆಯಲ್ಲಿ ನಾನು ಅವಳಲ್ಲಿಗೆ ಹೋದೆ. ವೂಸ್ಟರಿನ ಗುಡ್ಡದ ಮೇಲೆ ಆಸ್ಪತ್ರೆಯ ಗಡಿಯಾರ ಗೋಪುರವಿದೆ. ಎಲಿಜಬೆತ್ ಇದ್ದ ಮೊದಲ ಕಟ್ಟಡ ಊರ ಮಧ್ಯದಲ್ಲಿತ್ತು. ಗುಡ್ಡದ ಮೇಲಿನದು 1877ರಲ್ಲಿ ತೆರೆದದ್ದು, ಬಹುಪಾಲು 1991ರ ಬೆಂಕಿಯಲ್ಲಿ ಸುಟ್ಟಿತು. ಗೋಪುರವನ್ನು ಈಚೆಗೆ ಹಳೆಯದರ ಮಾದರಿಯಲ್ಲೇ ಮತ್ತೆ ಕಟ್ಟಿದ್ದಾರೆ. ಪಕ್ಕದಲ್ಲಿ ಹೊಸ ಆಸ್ಪತ್ರೆ. ನಾವಿಬ್ಬರೂ ನಡೆದೇ ಹತ್ತಿದೆವು. ಅವಳ ಬೀಗದ ಕೈ ಗೊಂಚಲಿನಲ್ಲಿ ಒಂದು ಉಕ್ಕಿನ ಸೀಟಿ ತೂಗಾಡುತ್ತಿತ್ತು. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರಿಂದ ಕೇಳಿ ಪಡೆದು ನಾನೇ ಕಳಿಸಿಕೊಟ್ಟದ್ದು. ಸೀಟಿಗೆ ಯಾವ ಪಟ್ಟಿಯೂ ಇರಲಿಲ್ಲ.

"ಕೇಳಿಸುತ್ತದೇನೇ ಅದು, ಇಷ್ಟು ದೊಡ್ಡ ಊರಿನಲ್ಲಿ?" ಎಂದೆ.

"ಊದಿ ನೋಡು" ಎಂದು ಕೊಟ್ಟಳು. ಪ್ರಾರ್ಥನೆಯ ಸಾಲು ನಿಲ್ಲಿಸುವವಳ ಹಾಗೆ ಉಸಿರು ಕಟ್ಟಿ ಊದಿದೆ. ಕೆಳಗಿನ ರಸ್ತೆಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, ತಿರುಗಿ ನಮ್ಮ ಕಡೆ ನೋಡಿದಳು. ಏನೂ ಇಲ್ಲ ಎಂದು ಮಗಳು ಕೈ ಬೀಸಿದಳು. ಆಕೆ ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತು, ನಾವಿಬ್ಬರೂ ಸರಿಯಾಗಿದ್ದೇವೆ ಎಂದು ಖಾತ್ರಿ ಮಾಡಿಕೊಂಡು ಹೋದಳು.